ಇಂದಿನ ಧಮ್ಮ ಚಿಂತನೆ: ಸೋಣನ ಕಾಲು, ನನ್ನ ಕೈ

 

ವರ್ಷಾವಾಸದ ಓದಿನಲ್ಲಿ ಇವತ್ತಿನ ಪಾಳಿ ನನ್ನದು. ಬಳಗದಲ್ಲಿ ಹೊಸಬರು ಸೇರಿದ್ದೀರಿ, ಅದಕ್ಕೆ ಮೊದಲು ನನ್ನ ಪರಿಚಯ. ನಾನು ಕಣಗಿನಹಾಳದವಳು. ಮನೆಯಲ್ಲೇ ಕೂತು ಡಿಟಿಪಿ ಕೆಲಸ ಮಾಡುತ್ತೇನೆ. ಗದಗಿನ ಪ್ರಿಂಟಿಂಗ್ ಪ್ರೆಸ್‌ಗಳಿಂದ ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಹ್ಯಾಂಡ್‌ಬಿಲ್ ಬರುತ್ತವೆ. ಜೂನ್ ಹತ್ತಿರ ಬಂದಾಗ ಶಾಲೆಯ ಗೈಡುಗಳ ಪ್ರೂಫ್ ಬರುತ್ತದೆ. ಮುಹೂರ್ತ, ರಾಹುಕಾಲ ನಂಬದ ನಾನು ದಿನಕ್ಕೆ ನಾಲ್ಕು ಮುಹೂರ್ತ ಟೈಪ್ ಮಾಡುತ್ತೇನೆ, ನಗಬೇಡಿ. ಪುಟಕ್ಕೆ ಇಷ್ಟು ಅಂತ ದುಡ್ಡು. ಕೂತರೆ ಉಂಟು, ಮಲಗಿದರೆ ಇಲ್ಲ.

ಏಳು ವರ್ಷದಿಂದ ನನಗೆ ಸಂಧಿವಾತ ಇದೆ. ವಯಸ್ಸಾದವರ ಮೊಣಕಾಲು ನೋವು ಅಲ್ಲ ಇದು. ಡಾಕ್ಟರ ಚೀಟಿಯಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಬರೆದಿರುತ್ತದೆ. ರೋಗದ ಮೇಲೆ ಹೋರಾಡಬೇಕಾದ ಮೈಯ ಶಕ್ತಿಯೇ ತಿರುಗಿ ನಮ್ಮ ಕೀಲುಗಳ ಮೇಲೆ ಬೀಳುತ್ತದೆ. ಬೆಳಿಗ್ಗೆ ಎದ್ದಾಗ ಬೆರಳು ಮಡಚುವುದಿಲ್ಲ. ಒಂದು ತಾಸು, ಕೆಲವು ದಿನ ಎರಡು ತಾಸು, ಚಹಾದ ಕಪ್ಪನ್ನು ಎರಡೂ ಅಂಗೈಯಲ್ಲಿ ಹಿಡಿಯಬೇಕು. ವಾರಕ್ಕೊಮ್ಮೆ ನುಂಗುವ ಗುಳಿಗೆ ಇದೆ. ಅದನ್ನು ನುಂಗಿದ ಮರುದಿನ ಹೊಟ್ಟೆ ತೊಳಸುತ್ತದೆ, ಮೈ ಭಾರ. ಹೊರಗಿನಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ. "ಮೊನ್ನೆ ಮದುವ್ಯಾಗ ನಕ್ಕೋತ ಅಡ್ಡಾಡತಿದ್ದೆಲ್ಲವಾ, ಈಗೇನಾತು?" ಎನ್ನುತ್ತಾರೆ. ನಕ್ಕದ್ದು ಖರೆ. ಮರುದಿನ ಎದ್ದಿರಲಿಲ್ಲ, ಅದೂ ಖರೆ.

ಈ ವರ್ಷ ಏಪ್ರಿಲ್ ತಿಂಗಳಲ್ಲಿ ನಾನು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಇಡಬೇಕು ಅಂತ ಬಹಳ ದಿನದಿಂದ ಇತ್ತು.

ಜಯಂತಿಗೆ ಹತ್ತು ದಿನ ಇತ್ತು. ಮದುವೆಯ ಸುಗ್ಗಿ ಬೇರೆ. ಜಯಂತಿಯ ಬ್ಯಾನರು, ಕರಪತ್ರ, ಇಪ್ಪತ್ತಕ್ಕೂ ಹೆಚ್ಚು ಲಗ್ನಪತ್ರಿಕೆ, ಜೊತೆಗೆ ಒಂದು ಗೈಡಿನ 160 ಪುಟದ ಪ್ರೂಫ್. ಯಾವುದಕ್ಕೂ ಇಲ್ಲ ಎನ್ನಲಿಲ್ಲ. ಇಲ್ಲ ಅಂದರೆ ಮುಂದಿನ ಸಲ ಅವರು ಬೇರೆಯವರ ಹತ್ತಿರ ಹೋಗುತ್ತಾರೆ, ಅದು ಬಿಡಿ ಕೆಲಸ ಮಾಡುವ ಎಲ್ಲರಿಗೂ ಗೊತ್ತಿರುವ ಹೆದರಿಕೆ. ಅದೇ ವೇಳೆಗೆ ನಮ್ಮ ಗ್ರೂಪಿಗೇ ಒಂದು ಫಾರ್ವರ್ಡ್ ಬಂತು: ಬಾಬಾಸಾಹೇಬರು ದಿನಕ್ಕೆ 18 ತಾಸು ಓದುತ್ತಿದ್ದರು, ನೀನು ಎಷ್ಟು ತಾಸು ದುಡಿಯುತ್ತೀ ಅಂತ. ಅದನ್ನು ಓದಿ ನನಗೆ ನಾಚಿಕೆ ಆಯಿತು. ರಾತ್ರಿ ಎರಡರ ತನಕ, ಮೂರರ ತನಕ ಕೂತೆ. ಗುಳಿಗೆ ನುಂಗಿದರೆ ಮರುದಿನ ಹಾಳಾಗುತ್ತದಲ್ಲ, ಅದಕ್ಕೆ ಎರಡು ವಾರ ಗುಳಿಗೆಯನ್ನೇ ಬಿಟ್ಟೆ. ಡಾಕ್ಟರನ್ನು ಕೇಳಲಿಲ್ಲ. ಕೇಳಿದರೆ ಬೇಡ ಅನ್ನುತ್ತಾರೆ ಅಂತ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಹದಿನಾಲ್ಕನೇ ತಾರೀಖು ಬೆಳಿಗ್ಗೆ ಓಣಿಯಲ್ಲಿ ಡೊಳ್ಳು ಶುರುವಾದಾಗ ನಾನು ಹಾಸಿಗೆಯಲ್ಲಿದ್ದೆ. ಬಲ ಮುಂಗೈ ಬಾತು ಕೆಂಪಾಗಿತ್ತು. ಸೀರೆಯ ನಿರಿಗೆ ಹಿಡಿಯಲು ಆಗಲಿಲ್ಲ. ನಾನೇ ಮಾಡಿಕೊಟ್ಟ ಬ್ಯಾನರ್ ಮೆರವಣಿಗೆಯಲ್ಲಿ ಹೋಯಿತು, ನಾನು ಕಿಟಕಿಯಿಂದ ನೋಡಿದೆ. ಆಮೇಲೆ ಮೂರು ವಾರ ಒಂದು ಪುಟ ಕೆಲಸ ಇಲ್ಲ. ಆ ರಾತ್ರಿಗಳಲ್ಲಿ ಹೆಚ್ಚಿಗೆ ಗಳಿಸಿದ್ದು 4,200 ರೂಪಾಯಿ. ಹುಬ್ಬಳ್ಳಿಗೆ ಎರಡು ಸಲ ಹೋಗಿಬಂದದ್ದು, ರಕ್ತ ಪರೀಕ್ಷೆ, ಇಂಜೆಕ್ಷನ್ ಸೇರಿ ಅದಕ್ಕಿಂತ ಹೆಚ್ಚು ಹೋಯಿತು. ಮೂರು ವಾರದ ಕೂಲಿ ಲೆಕ್ಕಕ್ಕೇ ಹಿಡಿದಿಲ್ಲ.

ಮಲಗಿದ್ದಾಗ ಓದಲು ಸಿಕ್ಕಿದ್ದು ಸೋಣ ಥೇರನ ಕಥೆ. ವಿನಯ ಪಿಟಕದ ಮಹಾವಗ್ಗದಲ್ಲಿದೆ, ಅಂಗುತ್ತರ ನಿಕಾಯದಲ್ಲೂ ಇದೆ. ವೀಣೆಯ ಉಪಮೆ ಎಂದರೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ತಂತಿ ಬಿಗಿಯಾದರೂ ನುಡಿಯುವುದಿಲ್ಲ, ಸಡಿಲಾದರೂ ನುಡಿಯುವುದಿಲ್ಲ. ಭಾಷಣಗಳಲ್ಲಿ ಇಷ್ಟನ್ನೇ ಹೇಳಿ ಮುಂದೆ ಹೋಗುತ್ತೇವೆ. ನಾನೂ ಹಾಗೇ ಹೇಳಿದ್ದೆ, ಹೋದ ವರ್ಷ ಇದೇ ಬಳಗದಲ್ಲಿ. ಈ ಸಲ ಕಥೆಯನ್ನು ಪೂರ್ತಿ ಓದಿದೆ.

ಸೋಣ ದೊಡ್ಡ ಶ್ರೀಮಂತರ ಮಗ. ಕಾಲು ನೆಲಕ್ಕೆ ತಾಗದ ಹಾಗೆ ಬೆಳೆದವನು. ಭಿಕ್ಷು ಆದ ಮೇಲೆ ರಾಜಗೃಹದ ಹತ್ತಿರ ಸೀತವನದಲ್ಲಿ ಹಟದಿಂದ ನಡೆಯುತ್ತಾ ಧ್ಯಾನ ಮಾಡಿದ. ಎಷ್ಟು ನಡೆದ ಎಂದರೆ ಅಂಗಾಲು ಒಡೆದು, ನಡೆದ ದಾರಿಯೆಲ್ಲ ರಕ್ತ ಆಯಿತು. ಅಷ್ಟಾದರೂ ಸಿದ್ಧಿಸಲಿಲ್ಲ. ಆಗ ಅವನಿಗೆ ಬಂದ ಯೋಚನೆ ನೋಡಿ: ನನ್ನಷ್ಟು ಶ್ರಮಪಡುವವರು ಯಾರೂ ಇಲ್ಲ, ಆದರೂ ಆಗಲಿಲ್ಲ, ಇನ್ನು ಬಿಟ್ಟು ಮನೆಗೆ ಹೋಗುವುದೇ ಲೇಸು ಅಂತ. ಅತಿಯಾಗಿ ದುಡಿದವನು ನೇರವಾಗಿ ಎಲ್ಲ ಬಿಟ್ಟುಬಿಡುವ ಮಾತಿಗೆ ಬರುತ್ತಾನೆ. ನಡುವೆ ಅವನಿಗೆ ಏನೂ ಕಾಣುವುದಿಲ್ಲ. ಏಪ್ರಿಲ್ ಕೊನೆಗೆ ನಾನೂ ಕಂಪ್ಯೂಟರ್ ಮಾರಿಬಿಡೋಣ ಎಂದಿದ್ದೆ.

ಭಗವಾನರು ಅವನ ಹತ್ತಿರ ತಾವೇ ಬಂದರು. ಸೋಮಾರಿ ಆಗಬೇಡ ಎನ್ನಲಿಲ್ಲ, ಇನ್ನಷ್ಟು ಗಟ್ಟಿಯಾಗು ಎಂದೂ ಹೇಳಲಿಲ್ಲ. ನೀನು ಮನೆಯಲ್ಲಿದ್ದಾಗ ಯಾವುದರಲ್ಲಿ ಜಾಣ ಇದ್ದೆಯೋ ಅದರಿಂದಲೇ ತಿಳಿ ಎಂಬಂತೆ ವೀಣೆಯ ಪ್ರಶ್ನೆ ಕೇಳಿದರು. ಸೋಣ ಚೆನ್ನಾಗಿ ವೀಣೆ ನುಡಿಸುತ್ತಿದ್ದವನು. ಉತ್ತರ ಅವನ ಬೆರಳಲ್ಲೇ ಇತ್ತು. ತಂತಿಯನ್ನು ಒಮ್ಮೆ ಬಿಗಿದರೆ ಮುಗಿಯುವುದಿಲ್ಲ ಎಂಬುದು ವಾದ್ಯ ನುಡಿಸುವವರಿಗೆ ಗೊತ್ತು. ನಮ್ಮ ಓಣಿಯ ಹಲಗೆಯವರು ಸಹ ಮಳೆಗಾಲದಲ್ಲಿ ಹಲಗೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರೆ, ಬೇಸಿಗೆಯಲ್ಲಿ ಅಷ್ಟು ಕಾಯಿಸುವುದಿಲ್ಲ. ಹವೆ ನೋಡಿ, ಆ ದಿನದ ಚರ್ಮ ನೋಡಿ ಹದ ಮಾಡುತ್ತಾರೆ.

ಆದರೆ ನನ್ನ ಮನಸ್ಸಿಗೆ ನಾಟಿದ್ದು ಅದರ ಮುಂದಿನ ಭಾಗ. ನಾವು ಯಾರೂ ಅದನ್ನು ಭಾಷಣದಲ್ಲಿ ಹೇಳುವುದಿಲ್ಲ. ಸೋಣನ ಕಾಲು ಬಹಳ ಮೃದು ಎಂದು ಭಗವಾನರು ಅವನಿಗೆ ಪಾದರಕ್ಷೆ ಹಾಕಿಕೊಳ್ಳಲು ಅನುಮತಿ ಕೊಟ್ಟರು. ಸೋಣ ಬೇಡವೆಂದ. ಅಷ್ಟೆಲ್ಲ ಬಂಗಾರ ಬಿಟ್ಟು ಬಂದವನು ಈಗ ಒಂದು ಜೋಡು ಕೆರಕ್ಕೆ ಅಂಟಿಕೊಂಡ ಎಂದು ಜನ ಆಡಿಕೊಳ್ಳುತ್ತಾರೆ, ಇಡೀ ಸಂಘಕ್ಕೆ ಅನುಮತಿ ಕೊಟ್ಟರೆ ನಾನೂ ಹಾಕುತ್ತೇನೆ, ಇಲ್ಲವಾದರೆ ಇಲ್ಲ ಎಂದ. ಭಗವಾನರು ಆಗ ಎಲ್ಲ ಭಿಕ್ಷುಗಳಿಗೂ ಒಂದು ಪದರದ ಪಾದರಕ್ಷೆಯ ಅನುಮತಿ ಕೊಟ್ಟರು.

ಒಬ್ಬನ ಕಾಲು ಒಡೆದದ್ದಕ್ಕೆ ಎಲ್ಲರಿಗೂ ನಿಯಮ ಆಯಿತು. ನಮ್ಮವರು ಮಾಡುವ ಕೆರವೇ ಇದು, ನೆನಪಿರಲಿ.

ಇದನ್ನು ಓದಿದ ಮೇಲೆ 18 ತಾಸಿನ ಮಾತಿಗೆ ಮತ್ತೆ ಬಂದೆ. ಬಾಬಾಸಾಹೇಬರು ಮಿತಿ ಇಲ್ಲದೆ ದುಡಿದರು, ಸುಳ್ಳಲ್ಲ. ಆದರೆ ಯಾಕೆ ಹಾಗೆ ದುಡಿಯಬೇಕಾಯಿತು? 1948ರ ನವೆಂಬರ್ 5ರಂದು ಸಂವಿಧಾನ ಸಭೆಯಲ್ಲಿ ಟಿ.ಟಿ. ಕೃಷ್ಣಮಾಚಾರಿಯವರು ಇದನ್ನು ಬಿಚ್ಚಿ ಹೇಳಿದ್ದಾರೆ. ಕರಡು ಸಮಿತಿಯಲ್ಲಿ ಏಳು ಜನ. ಒಬ್ಬರು ರಾಜೀನಾಮೆ ಕೊಟ್ಟರು, ಅವರ ಜಾಗಕ್ಕೆ ಬೇರೆಯವರು ಬಂದರು. ಒಬ್ಬರು ತೀರಿಕೊಂಡರು, ಆ ಜಾಗ ಖಾಲಿ ಉಳಿಯಿತು. ಒಬ್ಬರು ಅಮೆರಿಕದಲ್ಲಿದ್ದರು, ಇನ್ನೊಬ್ಬರು ಸಂಸ್ಥಾನಗಳ ಕೆಲಸದಲ್ಲಿದ್ದರು, ಒಬ್ಬಿಬ್ಬರು ದಿಲ್ಲಿಯಿಂದ ದೂರ ಇದ್ದರು, ಆರೋಗ್ಯದ ಕಾರಣವೂ ಇರಬಹುದು. ಕೊನೆಗೆ ಕರಡಿನ ಭಾರ ಡಾ. ಅಂಬೇಡ್ಕರರ ಮೇಲೆಯೇ ಬಿತ್ತು. ಏಳು ಜನ ಎತ್ತಬೇಕಾದ ಭಾರವನ್ನು ಒಬ್ಬರು ಎತ್ತಿದ್ದಕ್ಕೆ ನಾವು ಹೆಮ್ಮೆಪಡುತ್ತೇವೆ. ಹೆಮ್ಮೆ ಸರಿ. ಆದರೆ ಉಳಿದ ಆರು ಹೆಗಲು ಎಲ್ಲಿದ್ದವು ಎಂದು ಕೇಳುವುದನ್ನು ಮರೆತಿದ್ದೇವೆ.

ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಕಾಲಿನ ನರಗಳ ನೋವು ಇತ್ತು. ಸಂವಿಧಾನದ ಕರಡು ಬರೆಯುತ್ತಿದ್ದ ಆ ತಿಂಗಳುಗಳಲ್ಲಿ ರಾತ್ರಿ ನಿದ್ದೆ ಇರಲಿಲ್ಲ. ಚಿಕಿತ್ಸೆಗೆ ಮುಂಬೈಗೆ ಹೋಗುತ್ತಿದ್ದಾಗ ಪರಿಚಯವಾದ ಡಾ. ಶಾರದಾ ಕಬೀರರನ್ನು 1948ರ ಏಪ್ರಿಲ್ 15ರಂದು ದಿಲ್ಲಿಯಲ್ಲಿ ಮದುವೆಯಾದರು. ಅವರೇ ನಮ್ಮ ಮಾಯಿಸಾಹೇಬರು, ಡಾ. ಸವಿತಾ ಅಂಬೇಡ್ಕರ್. ಊಟದ ಪಥ್ಯ, ಇನ್ಸುಲಿನ್, ಮಲಗುವ ವೇಳೆ ಎಲ್ಲ ಅವರ ಕೈಗೆ ಬಂತು. ಸಾಹೇಬರ ಭೇಟಿಗೆ ಬಂದವರನ್ನು ತಡೆಯುತ್ತಾರೆ ಎಂದು ನಮ್ಮವರಲ್ಲೇ ಅವರ ಮೇಲೆ ಸಿಟ್ಟು ಇತ್ತು, ಆಮೇಲೆ ಬಂದ ಅನುಮಾನಗಳಂತೂ ಬಹಳ. ನನಗೆ ಕಾಯಿಲೆ ಬರುವ ತನಕ ನಾನೂ ಆ ಮಾತುಗಳನ್ನು ಆಡಿದವಳೇ. ಈಗ ನಮ್ಮ ಮನೆಯವರು ರಾತ್ರಿ ಹತ್ತರ ಮೇಲೆ ನನ್ನ ಫೋನನ್ನು ತಾವೇ ಎತ್ತಿ, "ಆಕಿ ಮಲಗ್ಯಾಳ್ರಿ, ನಾಳೆ ಮಾತಾಡ್ರಿ" ಎನ್ನುತ್ತಾರೆ. ಅವರ ಮೇಲೂ ಪ್ರೆಸ್ಸಿನವರಿಗೆ ಸಿಟ್ಟು. ಕಾಯಿಲೆಯವರ ಬಾಗಿಲಲ್ಲಿ ನಿಲ್ಲುವವರಿಗೆ ಬೈಗಳು ತಪ್ಪಿದ್ದಲ್ಲ.

ಇನ್ನೊಂದು ವಿಷಯ. ಬಾಬಾಸಾಹೇಬರು ಕೊನೆಯ ವರ್ಷಗಳಲ್ಲಿ ವಯಲಿನ್ ಕಲಿತರು. ಗುರುಗಳನ್ನು ಇಟ್ಟುಕೊಂಡು ಕಲಿತರು. ತೋಟ ಮಾಡಿದರು, ಚಿತ್ರ ಬರೆಯಲು ಕೂತರು. ಫಾರ್ವರ್ಡುಗಳಲ್ಲಿ ಈ ವಯಲಿನ್ ಯಾಕೆ ಬರುವುದಿಲ್ಲ?

ತಮ್ಮ ಕಾಲಿಗೆ ಕೆರ ಸಿಗದಿದ್ದರೂ ಎಲ್ಲರಿಗೂ ಮಾಡಿಸಿದರು ಎಂಬ ಮಾತು ಬಾಬಾಸಾಹೇಬರಿಗೆ ಅಕ್ಷರಶಃ ಸಲ್ಲುತ್ತದೆ. 1942ರಿಂದ 1946ರ ತನಕ ವೈಸ್‌ರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಅವರದು. ಆಗ ಕಾರ್ಖಾನೆಯ ಕೆಲಸ ವಾರಕ್ಕೆ 54 ತಾಸು ಇತ್ತು. 1946ರ ತಿದ್ದುಪಡಿಯಿಂದ ಅದು 48 ತಾಸಿಗೆ ಇಳಿಯಿತು. ಅದಕ್ಕೂ ಒಂದು ವರ್ಷ ಮೊದಲು, 1945ರಲ್ಲಿ, ಸಂಬಳ ಸಹಿತ ರಜೆ ಕಾಯ್ದೆಗೆ ಬಂತು. ಕಾರ್ಮಿಕರಿಗೆ ಕಾಯಿಲೆಯ ಕಾಲದಲ್ಲಿ ವಿಮೆ ಬೇಕು ಎಂಬ ಅದಾರಕರ್ ವರದಿ 1944ರಲ್ಲಿ ಬಂದದ್ದೂ ಅವರ ಕಾಲದಲ್ಲೇ. ಅದೇ ಮುಂದೆ 1948ರ ಇಎಸ್‌ಐ ಕಾಯ್ದೆ ಆಯಿತು. ದುಡಿಯುವವನಿಗೆ ವಿಶ್ರಾಂತಿ ಯಜಮಾನ ಕೊಡುವ ಭಿಕ್ಷೆ ಆಗಬಾರದು, ಹಕ್ಕು ಆಗಬೇಕು. ಆ ಕೆಲಸವನ್ನು ಸ್ವತಃ ನಿದ್ದೆಗೆಟ್ಟು ಮಾಡಿದರು. ಅವರ ನಿದ್ದೆಗೇಡನ್ನು ಮಾತ್ರ ಅನುಸರಿಸಿ, ಅವರು ತಂದ ಕಾಯ್ದೆಯ ಅರ್ಥವನ್ನು ಬಿಟ್ಟರೆ ನಾವು ಎಂಥ ಅನುಯಾಯಿಗಳು?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹೋದ ಭಾನುವಾರ ಬೆಟಗೇರಿಯ ಅಣ್ಣನವರೊಬ್ಬರು ಕೇಳಿಯೂ ಬಿಟ್ಟರು. ಮನೆಯಲ್ಲಿ ಮಗ್ಗ ನಡೆಸುವವರು. "ಅಕ್ಕಾರ, 48 ತಾಸು ಕಾರ್ಖಾನಿಯವರಿಗಾತು. ಮನ್ಯಾಗ ಕುಂತು ಪೀಸಿನ ಲೆಕ್ಕಕ್ಕ ದುಡಿಯೂ ನಮಗ ಯಾವ ಕಾಯ್ದೆ ಐತ್ರಿ?" ಎಂದು. ಖರೆ ಮಾತು. ನಮಗೆ ಇಎಸ್‌ಐ ಇಲ್ಲ, ಕಾಯಿಲೆ ರಜೆ ಇಲ್ಲ. ಇ-ಶ್ರಮ್ ಕಾರ್ಡು ಇದ್ದರೂ ಮೂರು ವಾರ ಮಲಗಿದ ಕೂಲಿ ಬರುವುದಿಲ್ಲ. ಆಯುಷ್ಮಾನ್ ಕಾರ್ಡಿನಿಂದ ಆಸ್ಪತ್ರೆಯ ಖರ್ಚಿಗೆ ಆಧಾರ ಆದೀತು, ಒಲೆಯ ಮೇಲಿನ ಗಡಿಗೆಗೆ ಅಲ್ಲ. 2025ರಲ್ಲಿ ನಮ್ಮ ರಾಜ್ಯ ಗಿಗ್ ಕಾರ್ಮಿಕರಿಗೆ ಕಾಯ್ದೆ ಮಾಡಿತು. ಅದು ಆ್ಯಪ್ ಕಂಪನಿಗಳಿಗೆ ದುಡಿಯುವವರಿಗೆ. ಪ್ರೆಸ್ಸಿನಿಂದ ಮನೆಗೆ ಕೆಲಸ ತರುವ ನಾನು ಅದರ ಹೊರಗೆ, ಮಗ್ಗದ ಅಣ್ಣನೂ ಹೊರಗೆ. ಕಾಯ್ದೆ ಬರುವ ತನಕ ಏನು ಮಾಡುವುದು ಎಂಬುದಕ್ಕೆ ಆಮೇಲೆ ಬರುತ್ತೇನೆ.

ಅದಕ್ಕೂ ಮೊದಲು ಕರ್ಮದ ಮಾತು. ನಾನು ಮಲಗಿದ್ದಾಗ ನೋಡಲು ಬಂದ ಹಿರಿಯರೊಬ್ಬರು, ನಮ್ಮವರೇ, ಹಿಂದಿನ ಜನ್ಮದಲ್ಲಿ ಯಾರ ಕೈ ಮುರಿದಿದ್ದೆಯೋ ಏನೋ ಎಂದು ಕಣ್ಣೀರು ಹಾಕಿದರು. ಪ್ರೀತಿಯಿಂದಲೇ ಹೇಳಿದರು, ಅವರ ಮೇಲೆ ಸಿಟ್ಟಿಲ್ಲ. ಆದರೆ ದೀಕ್ಷೆ ಪಡೆದ ಮನೆಯಲ್ಲೂ ಈ ಮಾತು ಉಳಿದಿದೆಯಲ್ಲ! ಕೀಳು ಜಾತಿಯಲ್ಲಿ ಹುಟ್ಟಿದ್ದಕ್ಕೂ ಇದೇ ಉತ್ತರ ಕೊಟ್ಟಿದ್ದರು ನಮಗೆ. ಸಂಯುತ್ತ ನಿಕಾಯದಲ್ಲಿ ಸೀವಕ ಎಂಬ ಪರಿವ್ರಾಜಕ ಇದನ್ನೇ ಭಗವಾನರಿಗೆ ಕೇಳುತ್ತಾನೆ: ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರ ಫಲವೇ ಎಂದು. ಹಾಗೆ ಹೇಳುವವರು ಕಣ್ಣಿಗೆ ಕಾಣುವ ಸತ್ಯವನ್ನೇ ದಾಟಿ ಹೋಗುತ್ತಾರೆ ಎಂದು ಭಗವಾನರು ತಿಳಿಸುತ್ತಾರೆ. ಪಿತ್ತ, ಕಫ, ವಾತ, ಇವು ಮೂರೂ ಕೂಡಿದ್ದು, ಋತು ಬದಲಾಗುವುದು, ಪೆಟ್ಟು ಬೀಳುವುದು, ಹೀಗೆ ನೋವಿಗೆ ಹಲವು ಕಾರಣ ಎಣಿಸುತ್ತಾರೆ. ಕರ್ಮದ ಫಲ ಆ ಎಂಟರಲ್ಲಿ ಒಂದು ಮಾತ್ರ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಇನ್ನೂ ಮುಂದೆ ಹೋಗಿ, ಹಿಂದಿನ ಜನ್ಮದ ಪಾಪದ ಲೆಕ್ಕವನ್ನೇ ಒಪ್ಪುವುದಿಲ್ಲ.

ಆ ಎಂಟು ಕಾರಣಗಳಲ್ಲಿ ಒಂದರ ಹೆಸರು ವಿಷಮಪರಿಹಾರ. ಮೈಯನ್ನು ಏರುಪೇರಾಗಿ ನೋಡಿಕೊಳ್ಳುವುದು. ಇವತ್ತು ಹದಿನಾರು ತಾಸು, ನಾಳೆ ಏನೂ ಇಲ್ಲ. ಒಳ್ಳೆಯ ದಿನ ಬಂದರೆ ಎರಡು ದಿನದ ಕೆಲಸ ಎಳೆಯುವುದು, ಆಮೇಲೆ ಮೂರು ದಿನ ಬೀಳುವುದು. ನನಗೆ ಸಂಧಿವಾತ ಯಾಕೆ ಬಂತೋ, ಅದು ನನ್ನ ತಪ್ಪಲ್ಲ. ಏಪ್ರಿಲ್ 14ರಂದು ಕೈ ಬಾತದ್ದು ಮಾತ್ರ ವಿಷಮಪರಿಹಾರ.

ಸಡಿಲಾದ ತಂತಿಯ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಮೋಸ ಆಗುತ್ತದೆ. ಕೈ ಸುಮಾರಾಗಿ ಇದ್ದ ದಿನವೂ ನೋವಿನ ನೆಪ ಹೇಳಿ ಕೆಲಸ ಮುಂದೆ ಹಾಕಿದ್ದಿದೆ. ಮಲಗಿ ಎರಡು ತಾಸು ರೀಲ್ಸ್ ನೋಡಿ, ಹೆಬ್ಬೆರಳು ಇನ್ನಷ್ಟು ನೋಯಿಸಿಕೊಂಡು ಅದನ್ನೇ ವಿಶ್ರಾಂತಿ ಎಂದಿದ್ದೇನೆ. ಎಷ್ಟು ಹೊತ್ತು ಮಲಗಿದೆ ಎನ್ನುವುದಕ್ಕಿಂತ ಎದ್ದಾಗ ಹೇಗಿದ್ದೆ ಎನ್ನುವುದನ್ನು ಈಗ ನೋಡುತ್ತೇನೆ.

ಈಗ ನಾನು ನಡೆಸಿಕೊಂಡು ಹೋಗುವ ಕ್ರಮ ಹೇಳುತ್ತೇನೆ. ಎಲ್ಲರಿಗೂ ಹೊಂದುತ್ತದೆ ಅಂತಲ್ಲ. ಬೆಳಿಗ್ಗೆ ಬಿಸಿನೀರಲ್ಲಿ ಕೈ ಇಟ್ಟು, ಬೆರಳು ಬಿಡುವ ತನಕ ಮೌಸ್ ಮುಟ್ಟುವುದಿಲ್ಲ. ಹತ್ತರಿಂದ ಒಂದರ ತನಕ ನನ್ನ ಒಳ್ಳೆಯ ವೇಳೆ, ಪ್ರೂಫ್ ಆಗ ನೋಡುತ್ತೇನೆ. ನಲವತ್ತು ನಿಮಿಷಕ್ಕೆ ಫೋನಿನಲ್ಲಿ ಗಂಟೆ ಹೊಡೆಯುತ್ತದೆ. ನೋವು ಇರಲಿ ಇಲ್ಲದಿರಲಿ ಏಳಬೇಕು. ನೋವು ಬಂದ ಮೇಲೆ ಏಳುವುದು ತಡ ಆಗಿರುತ್ತದೆ, ಏಳು ವರ್ಷಕ್ಕೆ ಕಲಿತ ಪಾಠ ಅದೊಂದೇ ಅನ್ನಬಹುದು. ಗುಳಿಗೆಯನ್ನು ಶನಿವಾರ ರಾತ್ರಿ ನುಂಗುತ್ತೇನೆ, ಭಾನುವಾರ ಕೆಲಸ ಇಟ್ಟುಕೊಳ್ಳುವುದಿಲ್ಲ. ಯಾವ ದಿನ ನುಂಗುವುದು ಎಂದು ಡಾಕ್ಟರನ್ನು ಕೇಳಿಯೇ ಬದಲಿಸಿದೆ. ಯಾರೂ ಅದನ್ನು ಕೇಳದೆ ಬಿಡಬೇಡಿ, ಕೇಳದೆ ಹೆಚ್ಚು ಮಾಡಬೇಡಿ. ಪ್ರೆಸ್ಸಿನವರಿಗೆ ತಾರೀಖು ಹೇಳುವಾಗ ಎರಡು ದಿನ ಸೇರಿಸಿ ಹೇಳುತ್ತೇನೆ. ಬಿಲ್ ಬರೆಯುವುದು, ಬಾಕಿ ಕೇಳಿ ಫೋನ್ ಮಾಡುವುದು ಕೆಟ್ಟ ದಿನಕ್ಕೆ. ಇವೆಲ್ಲ ಆದ ಮೇಲೆ ಇಬ್ಬರು ಗಿರಾಕಿಗಳು ಬಿಟ್ಟುಹೋದರು. ಅದು ನಷ್ಟವೇ, ನಷ್ಟ ಇಲ್ಲ ಎಂದು ಹೇಳುವುದಿಲ್ಲ. ಆಷಾಢದಲ್ಲಿ ಮದುವೆ ಇಲ್ಲದೆ ಕೆಲಸ ಕಡಿಮೆ ಆಗುತ್ತದೆ. ಮೊದಲೆಲ್ಲ ಆ ತಿಂಗಳು ಬಂದರೆ ಎದೆ ನಡುಗುತ್ತಿತ್ತು. ಭಿಕ್ಷುಗಳು ಆಷಾಢ ಹುಣ್ಣಿಮೆಯಿಂದ ಮೂರು ತಿಂಗಳು ತಿರುಗಾಟ ನಿಲ್ಲಿಸಿ ಒಂದೆಡೆ ಉಳಿಯುತ್ತಾರಲ್ಲ, ಈ ಸಲ ನಾನೂ ಅದನ್ನು ನನ್ನ ವರ್ಷಾವಾಸ ಎಂದುಕೊಂಡು ಏಪ್ರಿಲ್‌ನ ದುಡ್ಡಿನಲ್ಲಿ ಉಳಿಸಬೇಕೆಂದಿದ್ದೆ. ಏಪ್ರಿಲ್‌ನ ಕಥೆ ನಿಮಗೆ ಗೊತ್ತೇ ಇದೆ. ಮುಂದಿನ ವರ್ಷ ನೋಡೋಣ.

ಭಗವಾನರಿಗೂ ಬೆನ್ನುನೋವು ಇತ್ತು. ಕಪಿಲವಸ್ತುವಿನಲ್ಲಿ ಶಾಕ್ಯರು ಹೊಸ ಸಭಾಭವನ ಕಟ್ಟಿಸಿ ಮೊದಲು ಭಗವಾನರೇ ಬರಬೇಕೆಂದು ಕರೆದರು. ರಾತ್ರಿ ಬಹಳ ಹೊತ್ತು ಉಪದೇಶ ಆದ ಮೇಲೆ, ನನ್ನ ಬೆನ್ನು ನೋಯುತ್ತಿದೆ, ಮುಂದಿನದನ್ನು ನೀನು ಹೇಳು ಎಂದು ಆನಂದರಿಗೆ ಒಪ್ಪಿಸಿ, ಚೀವರ ಮಡಚಿ ಹಾಸಿಕೊಂಡು ಬಲಮಗ್ಗುಲಿಗೆ ಮಲಗಿದರು. ಪಾವಾದಲ್ಲಿ ಮಲ್ಲರ ಹೊಸ ಭವನದಲ್ಲೂ ಹಾಗೇ, ಆಗ ಸಾರಿಪುತ್ತರಿಗೆ ಒಪ್ಪಿಸಿದರು. ತುಂಬಿದ ಸಭೆ, ಹೊಸ ಕಟ್ಟಡದ ಉದ್ಘಾಟನೆ, ಎಲ್ಲರ ಎದುರಿಗೆ ಮಲಗಿದರು. ಮುಚ್ಚಿಡಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಧಮ್ಮದ ಮಾತೂ ನಿಲ್ಲಲಿಲ್ಲ, ಯಾಕೆಂದರೆ ಮುಂದುವರಿಸಲು ಆನಂದ ಇದ್ದರು, ಸಾರಿಪುತ್ತ ಇದ್ದರು.

ಬೆಟಗೇರಿಯ ಅಣ್ಣನ ಪ್ರಶ್ನೆಗೆ ಈಗ ಬಂದೆ. ನನ್ನ ಪ್ರೂಫನ್ನು ಮುಂದುವರಿಸುವ ಆನಂದ ಯಾರು? ನಮ್ಮ ಕಣಗಿನಹಾಳಕ್ಕೆ ಸಹಕಾರದ ಊರು ಎಂದು ಹೆಸರು. 1904ರ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಒಂದು ಇಲ್ಲಿ ಶುರುವಾಯಿತು. ಸಾಹುಕಾರನ ಬಡ್ಡಿಗೆ ಒಬ್ಬೊಬ್ಬರೇ ಸಿಕ್ಕಿಬೀಳುವುದಕ್ಕಿಂತ ಎಲ್ಲರೂ ಸ್ವಲ್ಪ ಸ್ವಲ್ಪ ಕೂಡಿಸಿ ಕಷ್ಟದವರಿಗೆ ಕೊಡೋಣ ಎಂಬುದು ಅದರ ಮೂಲ. ದೊಡ್ಡ ಸಂಸ್ಥೆ ಕಟ್ಟುವ ಮಾತಲ್ಲ ನನ್ನದು. ಬಳಗದಲ್ಲಿ ಮನೆಯಿಂದ ದುಡಿಯುವವರು ಒಂಬತ್ತು ಜನ ಇದ್ದೇವೆ: ಡಿಟಿಪಿ ಮೂವರು, ಹೊಲಿಗೆ ನಾಲ್ವರು, ಮಗ್ಗ ಇಬ್ಬರು. ತಿಂಗಳಿಗೆ ತಲಾ 100 ರೂಪಾಯಿ ಇಡೋಣ, ಯಾರಾದರೂ ವಾರ ಮೀರಿ ಮಲಗಿದರೆ ಅದರಿಂದ ಕೊಡೋಣ, ಅವರ ಕೆಲಸವನ್ನು ಅದೇ ಕೆಲಸ ಬಲ್ಲ ಇನ್ನೊಬ್ಬರು ಮುಗಿಸಿಕೊಟ್ಟು ಗಿರಾಕಿಯನ್ನು ಉಳಿಸಿ ತಿರುಗಿ ಕೊಡೋಣ ಎಂದು ಹೋದ ಭಾನುವಾರ ಕೇಳಿದೆ.

ಒಪ್ಪಿದವರು ಆರು ಜನ. ಜಯಂತಿಯ ಪಟ್ಟಿಯೇ ಕೂಡುವುದಿಲ್ಲ, ಇದು ಬೇರೆ ಯಾಕೆ ಎಂದರು ಒಬ್ಬರು. ಕಾಯಿಲೆ ಖರೆಯೋ ಸುಳ್ಳೋ ಯಾರು ನೋಡುವವರು ಎಂದು ಇನ್ನೊಬ್ಬರು ಕೇಳಿದರು. ಆ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ನನ್ನ ಕಾಯಿಲೆಯೂ ಕಣ್ಣಿಗೆ ಕಾಣುವುದಿಲ್ಲವಲ್ಲ. ನಮ್ಮ ಅಜ್ಜಿಯರು ಗೌಡರ ಹೊಲದಲ್ಲಿ ಬಿಟ್ಟಿ ಚಾಕರಿ ಮಾಡುವಾಗ ಜ್ವರ ಬಂದರೆ, ಹಣೆ ಮುಟ್ಟಿ ನೋಡಲು ಸಹ ಹತ್ತಿರ ಬಾರದವರು ಇವರು ಕಳ್ಳಾಟ ಆಡುತ್ತಾರೆ ಎಂದು ತೀರ್ಮಾನ ಕೊಡುತ್ತಿದ್ದರು. ನಾವು ಕನಿಷ್ಠ ಒಬ್ಬರ ಹಣೆ ಒಬ್ಬರು ಮುಟ್ಟಿ ನೋಡಬಲ್ಲೆವು. ನನಗೆ ಅಷ್ಟು ಸಾಕು ಅನಿಸುತ್ತದೆ. ಒಪ್ಪದ ಮೂವರಿಗೆ ಸಾಲದಿರಬಹುದು, ಅವರ ಮಾತನ್ನು ಇದೇ ಭಾನುವಾರ ಪಂಚಶೀಲ ಆದ ಮೇಲೆ ಮತ್ತೆ ಕೇಳೋಣ.

ಮುಂಗೈ ಇನ್ನೂ ಪೂರ್ತಿ ಇಳಿದಿಲ್ಲ. ಈ ಚಿಂತನೆಯ ಅರ್ಧ ಭಾಗವನ್ನು ನಾನು ಬಾಯಲ್ಲಿ ಹೇಳಿದೆ, ಬಳಗದ ತಂಗಿಯೊಬ್ಬಳು ಟೈಪ್ ಮಾಡಿದಳು. ಎಲ್ಲಿಂದ ಎಲ್ಲಿಗೆ ಅವಳದು ಎಂದು ಹುಡುಕಬೇಡಿ, ಕಾಗುಣಿತದ ತಪ್ಪು ಇಲ್ಲದ ಕಡೆ ಅವಳದು. ನಾಳೆಯ ಪಾಳಿಯೂ ಅವಳದೇ.

ಜೈ ಭೀಮ್.